ಅರ್ಜಿ ಮಾಯಿಲಪ್ಪನ ದೊಡ್ಡ ಪದಗಳು

ಮಂಗಳೂರಿನ ಕಲೆಕ್ಟರ್ ಕಚೇರಿಯ ಹೊರಗಿನ ಗೋಳಿಮರದ ನೆರಳಿನಲ್ಲಿ ಆ ಕಾಲಕ್ಕೆ ನಾಲ್ಕೈದು ಮಂದಿ ಅರ್ಜಿ ಬರೆಯುವವರು ಕೂರುತ್ತಿದ್ದರು. ಎದುರಿಗೊಂದು ಮೇಜು, ಮಸಿಕುಡಿಕೆ, ಬಂದವರು ಕೂರಲು ಪಕ್ಕದಲ್ಲೊಂದು ಸ್ಟೂಲು. ಅವರಲ್ಲಿ ಜನ ಹೆಚ್ಚು ಮುತ್ತುತ್ತಿದ್ದುದು ಮಾಯಿಲಪ್ಪನ ಮೇಜಿಗೆ. ಅವನ ಅಕ್ಷರ ಚೆಂದವೆಂದಲ್ಲ, ಅವನ ಇಂಗ್ಲಿಷು ದೊಡ್ಡದು ಎಂದು. “ಮಾಯಿಲಪ್ಪ ಬರೆದದ್ದನ್ನು ಓದಬೇಕಾದರೆ ದೊರೆಗೂ ಡಿಕ್ಷನರಿ ಬೇಕು ಮಾರಾಯ” ಎಂದು ಬಂದರಿನ ಕಡೆಯ ಜನ ಹೆಮ್ಮೆಯಿಂದ ಹೇಳುತ್ತಿದ್ದರು. ತಮ್ಮ ಅಹವಾಲು ದೊರೆಗೆ ಸುಲಭಕ್ಕೆ ಅರ್ಥವಾಗಬಾರದು, ಅರ್ಥವಾದರೆ ಅದಕ್ಕೆ ತೂಕವಿಲ್ಲ ಎಂಬ ನಂಬಿಕೆ ಅವರದು. ಮಾಯಿಲಪ್ಪನದೂ ಅದೇ ನಂಬಿಕೆ.

ಅವನು ಕೂಳೂರು ಹೊಳೆಯ ಆಚೆಯ ಬಿಲ್ಲವರ ಮನೆಯವನು. ತಂದೆ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಮಗನ ಕಾಲಿಗೆ ಮರ ಹತ್ತುವ ಬಳ್ಳಿ ಬೇಡವೆಂದು ಅವನನ್ನು ದೋಣಿ ದಾಟಿಸಿ ಪಾದ್ರಿಗಳ ಶಾಲೆಗೆ ಹಾಕಿದರು. ಎಂಟನೆಯ ಕ್ಲಾಸಿನವರೆಗೆ ಓದಿದ ಮಾಯಿಲಪ್ಪ ಒಬ್ಬ ವಕೀಲರ ಬಳಿ ನಕಲು ಬರೆಯುವ ಕೆಲಸಕ್ಕೆ ಸೇರಿದ. ಆ ವಕೀಲರ ದಾವೆ ಪತ್ರಗಳಲ್ಲಿ ಬರುತ್ತಿದ್ದ ಉದ್ದುದ್ದ ಇಂಗ್ಲಿಷ್ ಪದಗಳನ್ನು ಅವನು ಹೆಂಗಸರು ಅಂಗಳದಲ್ಲಿ ರಂಗೋಲಿ ಎಳೆಯುವ ಹಾಗೆ ಎಳೆಯುತ್ತಿದ್ದ. ಗೆರೆ ತಪ್ಪುತ್ತಿರಲಿಲ್ಲ, ಆದರೆ ಅದು ಎಂತದ್ದು ಎಂದು ಗೊತ್ತಿರಲಿಲ್ಲ. ದಿನವಿಡೀ ಕೈಯಿಂದ ಹಾದುಹೋಗುವ ಈ ಪದಗಳ ಹೊಟ್ಟೆಯಲ್ಲಿ ಏನುಂಟು ಎಂಬ ಕುತೂಹಲ ಅವನನ್ನು ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ವಕೀಲರನ್ನು ಕೇಳಿದರೆ “ನಿನಗೆ ಯಾಕೆ? ಇದ್ದ ಹಾಗೆ ಬರಿ” ಎನ್ನುತ್ತಿದ್ದರು. ಮುಂದೆ ಅವರು ಮದರಾಸಿಗೆ ಹೋದ ಮೇಲೆ ಅವನು ಮರದಡಿ ಸ್ವಂತ ಮೇಜು ಹಾಕಿದ.

ಡಿಕ್ಷನರಿ ಅವನ ಕೈಗೆ ಬಂದದ್ದು ಒಂದು ಕೊಡೆಯ ದೆಸೆಯಿಂದ. ಕದ್ರಿ ಗುಡ್ಡೆಯ ಬಂಗಲೆಯೊಂದರಲ್ಲಿ ವಿಲಾಯತಿಗೆ ಹೊರಟ ದೊರೆಯೊಬ್ಬರ ಸಾಮಾನುಗಳ ಏಲಂ ನಡೆದಿತ್ತು. ಕುರ್ಚಿ, ಲಾಂದ್ರ, ಪಿಂಗಾಣಿ ಎಲ್ಲಕ್ಕೂ ಕೂಗುವವರಿದ್ದರು. ಮಾಯಿಲಪ್ಪ ಮಳೆಗಾಲಕ್ಕಾಯಿತೆಂದು ಒಂದು ಕೊಡೆಯನ್ನು ಕೂಗಿ ಕೊಂಡ. ಏಲಂ ಕೂಗುವವನು, ಯಾರಿಗೂ ಬೇಡವಾಗಿ ಉಳಿದಿದ್ದ ದಪ್ಪ ಪುಸ್ತಕವೊಂದನ್ನು ತರಕಾರಿಯ ಮೇಲೆ ಕೊತ್ತಂಬರಿ ಸೊಪ್ಪು ಇಟ್ಟ ಹಾಗೆ ಕೊಸರೆಂದು ಕೊಡೆಯ ಮೇಲೆ ಇಟ್ಟುಬಿಟ್ಟ. ಮನೆಗೆ ಬಂದು ಬಿಡಿಸಿ ನೋಡಿದರೆ ಅದು ಪದಗಳ ಅರ್ಥ ಹೇಳುವ ಪುಸ್ತಕ. ಆ ಮಳೆಗಾಲದಲ್ಲಿ ಕೊಡೆಯನ್ನು ಯಾವುದೋ ಅಂಗಡಿಯಲ್ಲಿ ಮರೆತು ಬಂದ. ಪುಸ್ತಕವನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ.

ಬೆಳಿಗ್ಗೆ ಗಂಜಿ ಉಂಡು ಪುಸ್ತಕ ತೆರೆಯುವುದು, ಒಂದು ಪದ ಆರಿಸುವುದು, ಅದರ ಅರ್ಥವನ್ನು ಗಟ್ಟಿಯಾಗಿ ಓದುವುದು, ಈಗ ಅವನಿದ್ದ ಬೋಳೂರಿನ ಮನೆಯಿಂದ ಕಚೇರಿಯವರೆಗೆ ಅದನ್ನೇ ಮಣಮಣ ಹೇಳಿಕೊಂಡು ನಡೆಯುವುದು, ಇದು ಅವನ ಕ್ರಮ. ಮರದಡಿ ತಲುಪುವಾಗ ಪದ ಬಾಯಿಪಾಠವಾಗಿರುತ್ತಿತ್ತು. ಅದೇ ದಿನ ಯಾವುದಾದರೂ ಅರ್ಜಿಯಲ್ಲಿ ಅದಕ್ಕೊಂದು ಜಾಗ ಮಾಡಿಕೊಡುತ್ತಿದ್ದ. ಒಮ್ಮೆ ‘ಲೂಸಿಡ್’ ಎಂಬ ಪದದ ಅರ್ಥ ಹುಡುಕಿದರೆ ‘ಪೆಲ್ಯೂಸಿಡ್’ ಎಂದಿತ್ತು. ‘ಪೆಲ್ಯೂಸಿಡ್’ ಹುಡುಕಿದರೆ ‘ಲೂಸಿಡ್’ ಎಂದಿತ್ತು. ಗುಡಿಗೆ ಸುತ್ತು ಬಂದವನ ಹಾಗೆ ಅವನು ಎರಡೂ ಪುಟಗಳ ನಡುವೆ ತಿರುಗಿ ತಿರುಗಿ ಸುಸ್ತಾದ.

ಮೀನು ಹೆಚ್ಚುತ್ತಿದ್ದ ಹೆಂಡತಿ ಕುಶಲಾ ನಕ್ಕಳು. “ನಮ್ಮ ಊರಿನಲ್ಲಿ ದಾರಿ ಕೇಳಿದರೂ ಹೀಗೆಯೇ. ಮುದ್ದುವಿನ ಮನೆ ಎಲ್ಲಿ ಅಂದರೆ ಬಾಗಿಯ ಮನೆಯ ಹತ್ತಿರ ಅನ್ನುತ್ತಾರೆ. ಬಾಗಿಯ ಮನೆ ಎಲ್ಲಿ ಅಂದರೆ ಮುದ್ದುವಿನ ಮನೆಯ ಹತ್ತಿರ.”

ಅರ್ಥ ಸರಿಯಾಗಿ ಬಾಯಿಗೆ ಬಂದರೆ ಪದ ತನ್ನದಾಯಿತು ಎಂದೇ ಮಾಯಿಲಪ್ಪ ತಿಳಿದಿದ್ದ. ‘ವಿಧೇಯ ಅರ್ಜಿದಾರ’ ಎನ್ನುವಲ್ಲಿ ‘ಅಬ್ಸೀಕ್ವಿಯಸ್’ ಎಂದು ಹಾಕಲು ಸುರುಮಾಡಿದ. ವಿಧೇಯ ಎಂದೇ ಪುಸ್ತಕದಲ್ಲಿ ಮೊದಲು ಇತ್ತು. ಆ ಪದಕ್ಕೆ ಬಾಲ ಅಲ್ಲಾಡಿಸುವವನು ಎಂಬ ವಾಸನೆಯೂ ಉಂಟೆಂದು ಅವನಿಗೆ ಯಾರು ಹೇಳಬೇಕು? ಕಚೇರಿಯೊಳಗಿನ ಗುಮಾಸ್ತರು ಆ ಅರ್ಜಿಗಳನ್ನು ಒಬ್ಬರಿಗೊಬ್ಬರು ಓದಿ ಹೇಳಿ ನಗುತ್ತಿದ್ದರು. ನಗುವಿನ ಸದ್ದು ಮರದವರೆಗೆ ಬರುತ್ತಿರಲಿಲ್ಲ.

ಸಾವಿರದ ಒಂಬೈನೂರ ಇಪ್ಪತ್ತಾರನೆಯ ಇಸವಿಯ ಬೇಸಗೆ ಇರಬೇಕು, ಉಳ್ಳಾಲದಿಂದ ದೇಯಿ ಎಂಬ ಸೂಲಗಿತ್ತಿ ಅವನ ಮೇಜಿಗೆ ಬಂದಳು. ನಡುವಯಸ್ಸು ದಾಟಿದ ಹೆಂಗಸು, ಬಲವಾದ ಕೈಗಳು, ಸ್ಟೂಲು ತೋರಿಸಿದರೂ ಕೂರದೆ ನಿಂತೇ ಮಾತಾಡಿದಳು.

“ರೈಟರೇ, ನಮ್ಮ ಉಳ್ಳಾಲದಲ್ಲಿ ತಾಲೂಕು ಬೋರ್ಡಿನವರು ಹೆರಿಗೆ ಮನೆ ಮಾಡುತ್ತಾರಂತೆ. ಅದಕ್ಕೆ ಒಬ್ಬಳು ಸೂಲಗಿತ್ತಿ ಬೇಕಂತೆ, ಡಂಗುರ ಹೊಡೆದಿದ್ದಾರೆ. ನನ್ನ ಬಗ್ಗೆ ಒಂದು ಅರ್ಜಿ ಬರೀಬೇಕು.”

“ಎಂತ ಬರೀಲಿ ದೇಯಿಯಕ್ಕ? ನಿಮ್ಮ ಕೆಲಸದ ಬಗ್ಗೆ ಹೇಳಿ.”

“ಎಂತ ಹೇಳುವುದು? ಕರೆದರೆ ಹೋಗ್ತೇನೆ. ಮೊಗವೀರರ ಮನೆ, ಬ್ಯಾರಿಗಳ ಮನೆ, ನಮ್ಮವರ ಮನೆ ಎಂದು ನೋಡುವುದಿಲ್ಲ. ಉಳ್ಳಾಲದಲ್ಲಿ ನನ್ನನ್ನು ಗೊತ್ತಿಲ್ಲದವರು ಯಾರೂ ಇಲ್ಲ. ಅಷ್ಟು ಬರೀರಿ, ಸಾಕು.”

ಗೊತ್ತಿಲ್ಲದವರು ಯಾರೂ ಇಲ್ಲ! ಮಾಯಿಲಪ್ಪನ ಮುಖ ಅರಳಿತು. ಆ ವಾರವಷ್ಟೇ ಅವನು ಕಲಿತಿದ್ದ ಪದ ‘ನೊಟೋರಿಯಸ್’. ಅರ್ಥ: ಸಾರ್ವಜನಿಕರಿಗೆಲ್ಲ ಗೊತ್ತಿರುವ, ಎಲ್ಲರ ಬಾಯಲ್ಲಿರುವ. ದೇಯಿಗೆ ಹೇಳಿ ಹೊಲಿಸಿದ ರವಿಕೆಯ ಹಾಗಿತ್ತು. ಉಳ್ಳಾಲ ಮತ್ತು ಸುತ್ತಲ ಊರುಗಳಲ್ಲಿ ಬಹಳ ಕಾಲದಿಂದ ನೊಟೋರಿಯಸ್ ಆಗಿರುವ ಸೂಲಗಿತ್ತಿ ಎಂದು ಬರೆದ. ಬರೆದದ್ದನ್ನು ಇಂಗ್ಲಿಷಿನಲ್ಲೇ ರಾಗವಾಗಿ ಓದಿ ಹೇಳಿದ. ದೇಯಿಗೆ ಒಂದಕ್ಷರ ತಿಳಿಯದಿದ್ದರೂ ಓದುವ ಗತ್ತು ಹಿಡಿಸಿತು. ಹೆಬ್ಬೆಟ್ಟು ಒತ್ತಿ, ಅರ್ಜಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬೋರ್ಡಿನ ಕಚೇರಿಗೆ ಹೋಗಿ ಕೊಟ್ಟು ದೋಣಿ ಹತ್ತಿದಳು.

ಅರ್ಜಿಯನ್ನು ಓದಿದ ಹೆಲ್ತ್ ಆಫೀಸರರು ಮದರಾಸಿನ ಕಡೆಯವರು, ಬಂದು ಹೆಚ್ಚು ಸಮಯವಾಗಿರಲಿಲ್ಲ. ಅವರು ಬೆಚ್ಚಿಬಿದ್ದರು. ಬಾಣಂತಿಯರ ಸಾವು, ಹಸುಗೂಸುಗಳ ಸಾವು ಅವರ ತಲೆಯಲ್ಲಿ ಸದಾ ಕೊರೆಯುತ್ತಿದ್ದ ವಿಷಯ. ಈಗ ಒಬ್ಬ ಹೆಂಗಸು ತಾನು ಕುಖ್ಯಾತ ಸೂಲಗಿತ್ತಿ ಎಂದು ತಾನೇ ಹೆಬ್ಬೆಟ್ಟು ಒತ್ತಿ ಬರೆದುಕೊಟ್ಟಿದ್ದಾಳೆ! ಇವಳ ಮೇಲೆ ಏನು ಆಪಾದನೆ ಉಂಟು, ವಿಚಾರಿಸಿ ತಿಳಿಸಿ ಎಂದು ಅವರು ಉಳ್ಳಾಲದ ಪಟೇಲರಿಗೆ ಬರೆದರು. ಪಟೇಲರು ತಮ್ಮ ಆಳಾದ ಉಗ್ರಾಣಿಯನ್ನು ಕಳಿಸಿದರು. ಉಗ್ರಾಣಿ ಮನೆಮನೆಯ ಬಾಗಿಲಲ್ಲಿ ನಿಂತು, “ದೇಯಿಯ ಮೇಲೆ ನಿಮ್ಮದು ಎಂತಾದರೂ ದೂರು ಉಂಟಾ?” ಎಂದು ಕೇಳಿದ.

ದೂರು ಯಾರಲ್ಲೂ ಇರಲಿಲ್ಲ. ಆದರೆ ಸರಕಾರ ಕೇಳುತ್ತದೆ ಎಂದರೆ ಏನೋ ಇರಲೇಬೇಕಲ್ಲ ಎಂದು ಮರುದಿನದಿಂದ ಗುಸುಗುಸು ಸುರುವಾಯಿತು. ಎಂದೋ ಯಾರದೋ ಮನೆಯಲ್ಲಿ ತೀರಿಕೊಂಡ ಕೂಸೊಂದನ್ನು ಯಾರೋ ನೆನಪಿಸಿಕೊಂಡರು. ದಿನ ತುಂಬಿದ ಹೆಂಗಸರ ಮನೆಯವರು ದೇಯಿ ಎದುರಿಗೆ ಬಂದರೆ ದಾರಿ ಬದಲಿಸತೊಡಗಿದರು.

ದೇಯಿ ಎರಡನೆಯ ಸಲ ಮರದಡಿಗೆ ಬಂದಾಗ ಸ್ಟೂಲಿನ ಮೇಲೆ ಕುಳಿತಳು. ಅವಳ ಮುಖ ನೋಡಿಯೇ ಮಾಯಿಲಪ್ಪ ಲೇಖನಿ ಕೆಳಗಿಟ್ಟ.

“ರೈಟರೇ, ನೀವು ನನ್ನ ಬಗ್ಗೆ ಎಂತ ಬರೆದದ್ದು?”

“ಒಳ್ಳೆಯದೇ ಬರೆದದ್ದು ದೇಯಿಯಕ್ಕ. ಎಲ್ಲರಿಗೂ ಗೊತ್ತಿರುವವಳು ಅಂತ. ನೀವೇ ಹೇಳಿದಿರಲ್ಲ?”

“ಹಾಗಾದರೆ ಉಗ್ರಾಣಿ ಯಾಕೆ ಬಂದ? ನಿನ್ನೆ ನಮ್ಮ ಕೇರಿಯ ನಾಝಿಮಾಳಿಗೆ ಹೆರಿಗೆ ನೋವು ಬಂತು. ಅವಳ ಮೊದಲಿನ ಮಕ್ಕಳೆಲ್ಲ ನನ್ನ ಕೈಯಲ್ಲೇ ಹುಟ್ಟಿದ್ದು. ಅವಳ ಅತ್ತೆ ನನ್ನನ್ನು ಕರೆಯಲಿಲ್ಲ. ನಾನು ಅಂಗಳದ ಆಚೆ ನಿಂತು ಕೇಳಿಸಿಕೊಂಡೆ. ಒಳಗೆ ಹೋಗಲಿಕ್ಕೆ ಆಗಲಿಲ್ಲ.” ಅವಳು ಅಳಲಿಲ್ಲ. ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. “ಕೂಸು ಬದುಕಿತು. ದೇವರು ದೊಡ್ಡವನು” ಎಂದು ಎದ್ದು ಹೋದಳು.

ಅಂದು ಮಧ್ಯಾಹ್ನವೇ ಮಾಯಿಲಪ್ಪ ಮೇಜು ಮಡಚಿ ಮನೆಗೆ ಬಂದ. ಕುಶಲಾಳ ಮುಂದೆ ಪುಸ್ತಕ ಬಿಡಿಸಿ, “ನೋಡು, ಇದರಲ್ಲಿ ಹೀಗೇ ಉಂಟು. ಊರಿಗೆಲ್ಲ ಗೊತ್ತಿರುವ ಅಂತ. ನಾನು ಬರೆದದ್ದರಲ್ಲಿ ತಪ್ಪೆಲ್ಲಿ?” ಎಂದ. ಕುಶಲಾಳಿಗೆ ಇಂಗ್ಲಿಷ್ ಬಾರದು. ಆದರೆ ಗಂಡ ಹೇಳಿದ್ದನ್ನು ಅವಳು ಒಂದು ಸಲ ಬಾಯಲ್ಲಿ ಹೊರಳಿಸಿ ನೋಡಿದಳು.

“ಊರಿಗೆಲ್ಲ ಗೊತ್ತಿರುವ ಹೆಂಗಸು,” ಎಂದಳು. “ಇವರೇ, ನಾಳೆ ಯಾರಾದರೂ ಮಾರ್ಕೆಟಿನಲ್ಲಿ ನಿಂತು, ಮಾಯಿಲಪ್ಪನ ಹೆಂಡತಿಯಾ, ಅವಳು ಊರಿಗೆಲ್ಲ ಗೊತ್ತಿರುವ ಹೆಂಗಸು ಅಂದರೆ ನೀವು ಸುಮ್ಮನೆ ಇರ್ತೀರಾ?”

ಮಾಯಿಲಪ್ಪ ಪುಸ್ತಕ ಮುಚ್ಚಿದ. ಊರು ಕೆಟ್ಟ ಪದವಲ್ಲ. ಗೊತ್ತಿರುವುದೂ ಕೆಟ್ಟದ್ದಲ್ಲ. ಹೆಂಗಸು ಎಂದರೆ ಬೈಗುಳವಲ್ಲ. ಮೂರೂ ಕೂಡಿದಾಗ ಮಾತ್ರ ಕೈ ಎತ್ತಿ ಹೊಡೆಯುವ ಮಾತಾಗುತ್ತದೆ. ಇದು ಅವನಿಗೆ ಹುಟ್ಟಿದಂದಿನಿಂದ ಗೊತ್ತಿತ್ತು. ಇಂಗ್ಲಿಷಿಗೂ ಅಂಥದ್ದೊಂದು ಒಳಗಿನ ಬದುಕು ಇರಬಹುದೆಂದು ಮಾತ್ರ ಹೊಳೆದಿರಲಿಲ್ಲ.

ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಬಲ್ಮಠದ ಕಡೆ ನಡೆದ. ಅಲ್ಲಿ ಅವನ ಹಳೆಯ ಮೇಷ್ಟ್ರ ಮಗಳು ಎಸ್ತೆರ್ ಇದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವನು ಹೇಳಿದ್ದನ್ನು ಕೇಳಿ ಎಸ್ತೆರ್ ಟೀಚರ್ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಅವನ ಪುಸ್ತಕದಲ್ಲೇ ಆ ಪದವನ್ನು ತೆಗೆದು ಬೆರಳಿಟ್ಟರು.

“ಇಲ್ಲಿ ಕೊನೆಯಲ್ಲಿ ಓರೆ ಅಕ್ಷರದಲ್ಲಿ ಸಣ್ಣದಾಗಿ ಎಂತ ಉಂಟು ನೋಡಿ ಮಾಯಿಲಪ್ಪ. ಹೆಚ್ಚಾಗಿ ಕೆಟ್ಟ ಅರ್ಥದಲ್ಲಿ ಅಂತ ಉಂಟು. ಓದಲಿಲ್ಲವಾ?”

“ಓರೆ ಅಕ್ಷರ ಟೀಚರ್... ಅದು ಅಚ್ಚಿನವರ ಅಲಂಕಾರ ಅಂತ ಎಣಿಸಿದ್ದೆ. ಎಲ್ಲಾ ಪದದಲ್ಲೂ ಮೊದಲಿನ ಸಾಲು ಮಾತ್ರ ಬಾಯಿಪಾಠ ಮಾಡುವುದು ನಾನು.”

ಎಸ್ತೆರ್ ಟೀಚರ್ ಒಳಗಿನಿಂದ ಹಳೆಯ ಇಂಗ್ಲಿಷ್ ಪತ್ರಿಕೆಗಳ ಒಂದು ಕಟ್ಟು ತಂದು ಜಗಲಿಯಲ್ಲಿ ಹರಡಿದರು. “ಅರ್ಥ ಬದಿಗಿಡಿ. ಈ ಪದ ಯಾರ ಯಾರ ಜೊತೆ ತಿರುಗುತ್ತದೆ, ಹುಡುಕಿ” ಎಂದರು. ಇಬ್ಬರೂ ಹುಡುಕಿದರು. ಒಂದು ಕಡೆ ದರೋಡೆಕೋರನ ಜೊತೆ ಸಿಕ್ಕಿತು. ಇನ್ನೊಂದು ಕಡೆ ಜೂಜುಕೋರನ ಜೊತೆ. ಮತ್ತೊಂದು ಕಡೆ ಕೊಲೆ ನಡೆದ ಗಲ್ಲಿಯ ಜೊತೆ. ವೈದ್ಯರ ಜೊತೆ, ಗುರುಗಳ ಜೊತೆ ಒಂದು ಸಲವೂ ಕಾಣಲಿಲ್ಲ. ಅವರ ಜೊತೆ ಬೇರೆಯೇ ಪದಗಳು ನಡೆಯುತ್ತಿದ್ದವು. ಮಾಯಿಲಪ್ಪ ಹುಡುಕುತ್ತಾ ಹುಡುಕುತ್ತಾ ಮೈಮರೆತ. ಎಷ್ಟೋ ವರ್ಷ ನಾನು ಪದಗಳನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಪಟಗಳ ಹಾಗೆ ನೋಡಿದ್ದೆ, ಇಲ್ಲಿ ಅವು ಪೇಟೆಯಲ್ಲಿ ಓಡಾಡುತ್ತಿವೆ! ಇನ್ನೊಂದು ಪತ್ರಿಕೆ, ಇನ್ನೊಂದು ಎಂದು ಕೈ ಚಾಚಿದವನಿಗೆ ಒಮ್ಮೆಲೇ ದೇಯಿ ಸ್ಟೂಲಿನ ಮೇಲೆ ಕೂತ ರೀತಿ ನೆನಪಾಯಿತು. ತನ್ನ ಉತ್ಸಾಹಕ್ಕೆ ತಾನೇ ನಾಚಿ ಎದ್ದುನಿಂತ.

ಮರುದಿನ ಅವನು ಹೆಲ್ತ್ ಆಫೀಸರರ ಮುಂದೆ ನಿಂತು, ತಪ್ಪು ಹೆಂಗಸಿನದಲ್ಲ, ಬರೆದ ತನ್ನದು ಎಂದ. ಅವರಿಗೆ ನಂಬಿಕೆ ಬರಲಿಲ್ಲ. ಈಗ ಹೀಗೆ ಹೇಳಲು ಅವಳೇ ಕಳಿಸಿರಬಹುದು ಎಂದು ಅವರ ಅನುಮಾನ. “ಅವಳನ್ನು ಬಲ್ಲವರು ಯಾರಾದರೂ ಬಂದು ನನ್ನ ಎದುರು ಹೇಳಲಿ” ಎಂದು ಇಂಗ್ಲಿಷಿನಲ್ಲಿ ಹೇಳಿ ಕಾಗದಗಳ ಕಡೆ ತಿರುಗಿದರು.

ಮಾಯಿಲಪ್ಪ ದೋಣಿ ಹತ್ತಿ ಉಳ್ಳಾಲಕ್ಕೆ ಹೋದ. ಮೊದಲು ಹೋದದ್ದು ನಾಝಿಮಾಳ ಮನೆಗೆ. ಬಾಣಂತಿ ಒಳಗಿದ್ದಳು. ಅವನು ಹೊರಗೆ ನಿಂತು ನಡೆದದ್ದನ್ನೂ, ಆಫೀಸರರ ಎದುರು ಹೇಳುವವರು ಬೇಕೆಂಬುದನ್ನೂ ತಿಳಿಸಿದಾಗ ಬಾಗಿಲ ಪರದೆಯ ಹಿಂದಿನಿಂದ ಅವಳ ಅತ್ತೆಯ ಸ್ವರ ಬಂತು.

“ಆ ಪದ ಬರೆದದ್ದು ನೀವಾ?”

“ಹೌದಮ್ಮ. ನಾನೇ. ಅರ್ಥ ಗೊತ್ತಿಲ್ಲದೆ ಬರೆದದ್ದು.”

“ಅರ್ಥ ಗೊತ್ತಿಲ್ಲದ್ದನ್ನು ಯಾಕೆ ಬರೆಯುವುದು? ನೀವು ಬರೆದದ್ದರಿಂದ ಎದ್ದ ಮಾತು ಕೇಳಿ ನಾನು ದೇಯಿಯನ್ನು ಅಂಗಳದ ಆಚೆಯೇ ನಿಲ್ಲಿಸಿದೆ. ಒಳಗೆ ಈ ಹುಡುಗಿ ದೇಯಿಯಕ್ಕ, ದೇಯಿಯಕ್ಕ ಅಂತ ಕರೀತಾ ಇದ್ದಳು. ಎಲ್ಲಿಗೆ ಬರಬೇಕು ಹೇಳಿ. ಬರ್ತೇನೆ.”

ಅವಳು ಬರುತ್ತಾಳೆಂದು ಗೊತ್ತಾದ ಮೇಲೆ ಉಳಿದವರೂ ಹೊರಟರು. ಕಬೀರ್ ಎಂಬವನ ದೋಣಿ ಹೆಂಗಸರಿಂದ, ಅವರ ಕಂಕುಳ ಕೂಸುಗಳಿಂದ ತುಂಬಿತು. ಬೋರ್ಡಿನ ಕಚೇರಿಯ ಜಗಲಿಯಲ್ಲಿ ಕೂಸುಗಳು ಒಂದರ ಹಿಂದೆ ಒಂದು ಅಳಲು ಸುರುಮಾಡಿದಾಗ ಹೆಲ್ತ್ ಆಫೀಸರರು ತಾವೇ ಹೊರಗೆ ಬಂದರು. ಅವರಿಗೆ ತುಳುವಾಗಲಿ ಬ್ಯಾರಿ ಭಾಷೆಯಾಗಲಿ ಬಾರದು. ನಡುವೆ ನಿಂತು ಇಂಗ್ಲಿಷಿನಲ್ಲಿ ಹೇಳಬೇಕಾದವನು ಮಾಯಿಲಪ್ಪ.

ಹೆಂಗಸರು ಹೇಳತೊಡಗಿದರು. ಅವನು ಬಾಯಿ ತೆರೆದ. ಬಾಯಿಪಾಠವಾಗಿದ್ದ ದೊಡ್ಡ ಪದಗಳೆಲ್ಲ ನಾಲಿಗೆಯ ತುದಿಗೆ ನುಗ್ಗಿ ಬಂದವು. ಒಂದೊಂದನ್ನೂ ಹಿಡಿದು ನೋಡಿದರೆ, ಇದು ಯಾರ ಜೊತೆ ತಿರುಗುವ ಪದ ಎಂದು ಗೊತ್ತಿಲ್ಲ. ಒಂದನ್ನೂ ಆಡಲು ಧೈರ್ಯ ಬರಲಿಲ್ಲ. ಕೊನೆಗೆ ಶಾಲೆಯಲ್ಲಿ ಎಲ್ಲಕ್ಕಿಂತ ಮೊದಲು ಕಲಿತ ಪುಟ್ಟ ಪದಗಳೇ ಕೈಹಿಡಿದವು. ಕರೆದರೆ ಬರುತ್ತಾಳೆ. ಮಳೆ ಇದ್ದರೂ ಬರುತ್ತಾಳೆ. ತಾಯಿಯ ಪಕ್ಕದಲ್ಲೇ ಇರುತ್ತಾಳೆ. ಅಷ್ಟನ್ನೇ ಹೇಳಿದ.

“ಕೈ ತೊಳೆಯುತ್ತಾಳೆಯೇ, ಕೇಳು” ಎಂದರು ಆಫೀಸರರು.

ನಾಝಿಮಾಳ ಅತ್ತೆಗೆ ಸಿಟ್ಟೇ ಬಂತು. “ಕೈ ತೊಳೆಯುವುದಾ? ಬಿಸಿನೀರು ಕೊಡದಿದ್ದರೆ ಹೊಸ್ತಿಲು ದಾಟುವುದಿಲ್ಲ ಅವಳು. ನಮ್ಮ ಕೈಯನ್ನೂ ತೊಳೆಸ್ತಾಳೆ, ಉಗುರು ನೋಡ್ತಾಳೆ. ಅತ್ತೆ ನಾನೋ ಅವಳೋ ಅಂತ ನನಗೇ ಸಂಶಯ ಬರ್ತದೆ!”

ಮಾಯಿಲಪ್ಪ ಅದನ್ನೂ ಇದ್ದ ಹಾಗೆ ಇಂಗ್ಲಿಷಿಗೆ ತಿರುಗಿಸಿದ. ಆಫೀಸರರು ಮೊದಲ ಸಲ ನಕ್ಕರು. ನಗು ನಿಂತ ಮೇಲೆ, “ಆ ಪದವನ್ನು ಎಲ್ಲಿಂದ ತಂದೆ?” ಎಂದು ಕೇಳಿದರು. ಅವನು ಡಿಕ್ಷನರಿಯ ಮೊದಲ ಸಾಲನ್ನು ಒಪ್ಪಿಸಿದ. ಅವರು ಒಳಗಿನ ಕಪಾಟಿನಿಂದ ತಮ್ಮ ಡಿಕ್ಷನರಿ ತಂದು ನೋಡಿದರು. ಅದರಲ್ಲೂ ಮೊದಲ ಸಾಲು ಹಾಗೆಯೇ ಇತ್ತು. “ನಾನು ಇದನ್ನು ಎಂದೂ ಹುಡುಕಿ ನೋಡಿರಲಿಲ್ಲ” ಎಂದು ತಮಗೆ ತಾವೇ ಹೇಳಿಕೊಂಡು ಸ್ವಲ್ಪ ಹೊತ್ತು ಆ ಪುಟವನ್ನೇ ಓದಿದರು.

ಕೆಲಸ ಆ ಸಲ ದೇಯಿಗೆ ಸಿಗಲಿಲ್ಲ. ಸರ್ಟಿಫಿಕೇಟ್ ಇದ್ದ ಇನ್ನೊಬ್ಬಳಿಗೆ ಹೋಯಿತು. ಆದರೆ ಸೂಲಗಿತ್ತಿಯರಿಗೆ ತರಬೇತಿ ಕೊಡುವ ಮುಂದಿನ ತಂಡಕ್ಕೆ ಆಫೀಸರರೇ ಅವಳ ಹೆಸರು ಬರೆಸಿದರು. ತರಬೇತಿ ಮುಗಿಸಿ, ಕತ್ತರಿ ಸಾಬೂನುಗಳಿದ್ದ ತಗಡಿನ ಪೆಟ್ಟಿಗೆಯೊಂದಿಗೆ ಅವಳು ಉಳ್ಳಾಲಕ್ಕೆ ಹಿಂತಿರುಗುವಾಗ ಮರದಡಿಗೆ ಬಂದು ಹೋದಳು.

“ರೈಟರೇ, ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟುಂಟು” ಎಂದಳು. “ಇನ್ನು ಮುಂದೆ ಯಾರ ಬಗ್ಗೆ ಎಂತ ಬರೆಯುವುದಿದ್ದರೂ ಮೊದಲು ಅವರಿಗೆ ತುಳುವಿನಲ್ಲಿ ಹೇಳಿ. ಅವರು ಹೂಂ ಅಂದ ಮೇಲೆ ಬರೀರಿ.”

ಅವನು ಅದನ್ನು ನೇಮವಾಗಿ ಹಿಡಿದ. ಅದರಿಂದ ಅವನ ಅರ್ಜಿಗಳು ಗಿಡ್ಡವಾದವು. ದೊಡ್ಡ ಇಂಗ್ಲಿಷು ಬೇಕಾದವರು ಪಕ್ಕದ ಮೇಜಿಗೆ ಹೋದರು. ಕುಶಲಾಳಿಗೆ ಮೊದಮೊದಲು ಚಿಂತೆಯಾಯಿತು. ಆದರೆ ಮಾಯಿಲಪ್ಪ ಬರೆದ ಅರ್ಜಿಗಳಿಗೆ ಉತ್ತರ ಬೇಗ ಬರುತ್ತದೆ ಎಂಬ ಮಾತು ಮೆಲ್ಲಗೆ ಹಬ್ಬಿ, ಹೋದವರಲ್ಲಿ ಕೆಲವರು ಹಿಂದೆ ಬಂದರು.

ಪದಗಳ ಹುಚ್ಚು ಮಾತ್ರ ಇಳಿಯಲಿಲ್ಲ, ದಾರಿ ಬದಲಿಸಿತು. ಡಿಕ್ಷನರಿಯನ್ನು ಅವನು ಮೊದಲಿನಿಂದ ಮತ್ತೆ ಓದಿದ, ಈ ಸಲ ಓರೆ ಅಕ್ಷರಗಳಿಗಾಗಿ. ಪ್ರತಿ ಪದಕ್ಕೂ ‘ಇದನ್ನು ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು’ ಎಂದು ಕಂಡವರನ್ನೆಲ್ಲ ಕೇಳುವುದು ಅವನ ಅಭ್ಯಾಸವಾಯಿತು. ಭಾನುವಾರ ಎಸ್ತೆರ್ ಟೀಚರರ ಜಗಲಿಯಲ್ಲಿ ಪತ್ರಿಕೆಗಳನ್ನು ಹರಡಿ ಕೂರುತ್ತಿದ್ದ. ‘ಥ್ರಿಫ್ಟಿ’ ಎಂದರೂ ‘ಸ್ಟಿಂಜಿ’ ಎಂದರೂ ಕೈ ಬಿಗಿ ಹಿಡಿದವನೇ. ಒಂದನ್ನು ಮಾವನಿಗೆ ಹೇಳಬಹುದು, ಇನ್ನೊಂದನ್ನು ಮಾವ ಹೋದ ಮೇಲೆ ಹೇಳಬೇಕು ಎಂದು ಅವನೇ ಅರ್ಥ ಬಿಡಿಸಿದಾಗ ಟೀಚರ್ ಅದನ್ನು ತಮ್ಮ ಕ್ಲಾಸಿನಲ್ಲಿ ಹೇಳಿ ಮಕ್ಕಳನ್ನು ನಗಿಸಿದರು.

ವರ್ಷಗಳು ಕಳೆದವು. ಟೈಪ್‌ರೈಟರುಗಳು ಬಂದು ಮರದಡಿಯ ಮೇಜುಗಳು ಕಡಿಮೆಯಾದವು. ಎರಡನೆಯ ಮಹಾಯುದ್ಧ ಸುರುವಾಗಿ, ಸಮುದ್ರದ ಕಡೆಯಿಂದ ವಿಮಾನ ಬರಬಹುದೆಂಬ ಭಯ ಮಂಗಳೂರಿಗೂ ತಲುಪಿತು. ಒಂದು ಮಧ್ಯಾಹ್ನ ಕಚೇರಿಯ ಗೋಡೆಗೆ ಹೊಸ ನೋಟೀಸು ಅಂಟಿಸಿದರು. ತಲೆ ನರೆತ ಮಾಯಿಲಪ್ಪ ಕನ್ನಡಕ ಸರಿಪಡಿಸಿ ಓದಿದ. ನಡುವೆ ಒಂದು ಪದ ಅಡ್ಡ ಬಂತು: ‘ಬ್ಲ್ಯಾಕೌಟ್’. ಮನೆಗೆ ಹೋಗಿ ಹುಡುಕಿದ. ಕಪ್ಪು ಇತ್ತು, ಹೊರಗೆ ಇತ್ತು, ಎರಡೂ ಕೂಡಿದ್ದು ಇರಲಿಲ್ಲ. ತನ್ನ ಪುಸ್ತಕ ಅಚ್ಚಾಗುವಾಗ ಹುಟ್ಟಿಯೇ ಇರದ ಪದ!

“ಕುಶಲಾ, ಇದು ನನಗಿಂತ ಎಷ್ಟೋ ಸಣ್ಣ ಪ್ರಾಯದ ಪದ” ಎಂದು ಕೂಗಿ ಹೇಳಿದ. ಅವನ ಸ್ವರದಲ್ಲಿ ಮೊಮ್ಮಗುವನ್ನು ಕಂಡ ಸಂತೋಷವಿತ್ತು.

“ಅರ್ಥ ಎಂತ?”

“ಗೊತ್ತಿಲ್ಲ. ಕೇಳಿ ಬರ್ತೇನೆ.”

ಪೋಲೀಸನನ್ನು ಕೇಳಿದರೆ ದಂಡ ಬೀಳುವ ವಿಷಯ ಎಂದ. ಅಂಗಡಿಯವನನ್ನು ಕೇಳಿದರೆ ವ್ಯಾಪಾರ ಹಾಳಾಗುವ ವಿಷಯ ಎಂದ. ಎಸ್ತೆರ್ ಟೀಚರ್, ವಿಮಾನಕ್ಕೆ ಬೆಳಕು ಕಾಣದ ಹಾಗೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಬೇಕಂತೆ ಎಂದರು. ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಯಿಲಪ್ಪ ಬಂದರಿನ ದಾರಿ ಹಿಡಿದ. ದೀಪ ಆರಿಸಿದರೆ ಕತ್ತಲಾದ ಮೇಲೆ ದೋಣಿಯವರು ದಡವನ್ನು ಹೇಗೆ ಗುರುತಿಸುತ್ತಾರೆ, ಅವರ ಬಾಯಲ್ಲಿ ಈ ಪದಕ್ಕೆ ಎಂತ ಅರ್ಥ ಬರಬಹುದು ಎಂದು ಅವನಿಗೆ ತಿಳಿಯಬೇಕಾಗಿತ್ತು.